ಫೋಟೋದೊಳಗಿನ ಕೈ

ಮುಂಬಯಿಯ ಘಾಟ್ಕೋಪರಿನ ಆ ಮಕ್ಕಳ ಆಸ್ಪತ್ರೆಯಲ್ಲಿ ಬೂಟು ಟಕಟಕ ಅನ್ನಿಸುತ್ತ ಓಡಾಡುವ ಡಾಕ್ಟರುಗಳು ಬೇಕಾದಷ್ಟು ಜನ ಇದ್ದರು. ಆದರೆ ಎಕ್ಸ್‌ರೇ ಕೋಣೆಯ ಮುಂದೆ ಕೂಸು ಎತ್ತಿಕೊಂಡು ನಿಂತ ತಾಯಂದಿರು ಕೇಳುತ್ತಿದ್ದದ್ದು ಒಂದೇ ಮಾತು: ಹಜರತಬಿ ಇದ್ದಾಳೆಯೇ? ಅವಳಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಅವಳು ರಜೆಯ ಮೇಲಿದ್ದ ದಿನ, ನಾಳೆ ಬರುತ್ತೇವೆ ಎಂದು ಮತ್ತೆ ಲೋಕಲ್ ಹತ್ತಿ ಮನೆಗೆ ಹೋದವರೂ ಉಂಟು.

ಅರವತ್ತರ ದಶಕ ಮುಗಿಯುತ್ತ ಬಂದ ಕಾಲ ಅದು. ಘಾಟ್ಕೋಪರ್ ಇನ್ನೂ ಇಷ್ಟು ಇಕ್ಕಟ್ಟಾಗಿರಲಿಲ್ಲ. ಉಪ್ಪಿನ ಗದ್ದೆಗಳ ಕಡೆಯಿಂದ ಬೀಸುವ ಗಾಳಿ ಆಸ್ಪತ್ರೆಯ ಮೊಗಸಾಲೆಯವರೆಗೂ ಬರುತ್ತಿತ್ತು. ಸಂಜೆ ಕೆಲಸ ಮುಗಿಸಿದ ಆಯಾಗಳು ಮೆಟ್ಟಿಲ ಮೇಲೆ ಕೂತು ಕಾಲು ಚಾಚಿದರೆ ಯಾರೂ ಎಬ್ಬಿಸುತ್ತಿರಲಿಲ್ಲ. ಸೇಠ್ ಒಬ್ಬರು ತಮ್ಮ ತಾಯಿಯ ನೆನಪಿಗೆ ಕಟ್ಟಿಸಿದ ಆಸ್ಪತ್ರೆ. ಆ ತಾಯಿಯ ದೊಡ್ಡ ಪಟ ಬಾಗಿಲಲ್ಲೇ ಇತ್ತು. ಹಜರತಬಿ ದಿನಾ ಒಳಗೆ ಬರುವಾಗ ಆ ಮುದುಕಿಗೆ ಸಲಾಮು ಹೊಡೆದೇ ಮುಂದೆ ಹೋಗುತ್ತಿದ್ದಳು. ಸಂಬಳ ಕೊಡುವವನ ತಾಯಿ, ಸುಮ್ಮನೆ ಹಾಯ್ದು ಹೋಗುವುದು ಸರಿಯಲ್ಲ ಎಂಬುದು ಅವಳ ಲೆಕ್ಕ.

ಅವಳು ಸಿಂದಗಿ ಕಡೆಯವಳು. ಗಂಡ ಗನಿಸಾಬ ಸಾಂತಾಕ್ರೂಜಿನ ಬಿಲ್ಡಿಂಗುಗಳಿಗೆ ಬಣ್ಣ ಬಳಿಯುತ್ತಿದ್ದ. ಮದುವೆಯಾದ ಕೆಲವೇ ವರ್ಷಕ್ಕೆ ಜ್ವರ ಬಂದು ಹೋಗಿಬಿಟ್ಟ. ಮಕ್ಕಳಾಗಿರಲಿಲ್ಲ. ಸಯನ್ನಿನ ಚಾಳಿನಲ್ಲಿ ಅಣ್ಣ ಜಮಾಲಸಾಬನ ಖೋಲಿಯ ಪಕ್ಕದಲ್ಲೇ ಒಂದು ಸಣ್ಣ ಖೋಲಿ ಹಿಡಿದು ಒಬ್ಬಳೇ ಇದ್ದಳು. ಅವಳೂರಿನವನೇ ಆದ ನಬೀಸಾಬ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದಲ್ಲಿದ್ದ. ಅವನೇ ಅವಳನ್ನು ಕರೆದುಕೊಂಡು ಬಂದು ಕೆಲಸಕ್ಕೆ ಹಚ್ಚಿದ್ದು. ನೆಲ ಒರೆಸಲು ಬಂದವಳು ಒಂದು ದಿನ ರಂಪ ಮಾಡುತ್ತಿದ್ದ ಕೂಸೊಂದನ್ನು ಎತ್ತಿ ಮೇಜಿನ ಮೇಲೆ ಮಲಗಿಸಿ ಹಿಡಿದುಕೊಂಡಳು. ಕೂಸು ಗಪ್‌ಚಿಪ್. ಅವತ್ತಿನಿಂದ ಅವಳ ಕೈಗೆ ಪೊರಕೆ ಬರಲೇ ಇಲ್ಲ.

ಮಂತ್ರ ಏನೂ ಇರಲಿಲ್ಲ. ಒಂದು ಕೈ ಕೂಸಿನ ಕುತ್ತಿಗೆಯ ಕೆಳಗೆ, ಇನ್ನೊಂದು ಹೊಟ್ಟೆಯ ಮೇಲೆ. ಬಾಯಿ ಕಿವಿಯ ಹತ್ತಿರ. ಹಳ್ಳಿಯಲ್ಲಿ ಕೋಳಿಮರಿ ಕರೆಯುವ ಹಾಗೆ ಚ್ಚು ಚ್ಚು ಚ್ಚು ಅನ್ನುವಳು. ಕೂಸು ಅಳು ಮರೆತು ಈ ಸದ್ದು ಎಲ್ಲಿಂದ ಬಂತು ಎಂದು ಕಣ್ಣರಳಿಸುವಷ್ಟರಲ್ಲಿ ಅತ್ತ ಸೀಸದ ಹಲಗೆಯ ಹಿಂದಿನಿಂದ ನಬೀಸಾಬ “ಹೂಂ, ಆಪಾ!” ಅನ್ನುವನು. ಅವಳು ತನ್ನ ಉಸಿರನ್ನೂ ಹಿಡಿದುಕೊಳ್ಳುವಳು. ಮಿಷನ್ನು ಖಟ್ ಅನ್ನುವುದು. ಮುಗಿಯಿತು.

ಸೊಕ್ಕೂ ಇತ್ತೆನ್ನಿ. ತಾಯಂದಿರನ್ನು ಅವಳು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. “ನೀವು ಒಳಗ ಬಂದ್ರ ನಿಮ್ಮ ಮಾರಿ ನೋಡಿ ಕೂಸು ಇನ್ನಾ ಜೋರ ಅಳ್ತದ. ಹೊರಗ ನಿಂದರ್ರಿ,” ಎಂದು ಬಾಗಿಲು ದೂಡಿ ಮುಚ್ಚುವಳು. ಆ ಬಾಗಿಲು ಪ್ರತಿ ಮಳೆಗಾಲ ಉಬ್ಬಿ ಉಬ್ಬಿ ಈಗ ಯಾವ ಕಾಲದಲ್ಲೂ ಸರಿಯಾಗಿ ಮುಚ್ಚುತ್ತಿರಲಿಲ್ಲ. ಆ ಸಂದಿಯಲ್ಲಿ ಒಂದೊಂದು ಹೊತ್ತಿಗೆ ಒಬ್ಬೊಬ್ಬ ತಾಯಿಯ ಕಣ್ಣು ಕಾಣುತ್ತಿತ್ತು. ಹಜರತಬಿ ಅದು ಕಂಡರೂ ಕಾಣದ ಹಾಗೆ ಇರುತ್ತಿದ್ದಳು. ನಿಜ ಹೇಳಬೇಕೆಂದರೆ ಆ ಒಂದು ಗಳಿಗೆ ಕೂಸು ಅವಳದೇ. ಅದಕ್ಕಾಗಿಯೇ ಅವಳು ದಿನಾ ಬೆಳಿಗ್ಗೆ ಎದ್ದು ಲೋಕಲ್ಲಿನಲ್ಲಿ ಜೋತು ಬಿದ್ದು ಬರುತ್ತಿದ್ದಳು.

ಇಂಥ ಹೊತ್ತಿನಲ್ಲಿ ವಾರಿಜಾ ಬಂದಳು. ಟ್ರಾಂಬೆಯ ಅಣುಕೇಂದ್ರದಲ್ಲಿ ಕೆಲಸ. ಬೆಳೆದದ್ದು ಮಾಟುಂಗಾದಲ್ಲಿ, ಮೂಲ ಉಡುಪಿ ಕಡೆ. ನೂಲಿನ ಸೀರೆ, ಒಂದು ಕೊಡೆ, ಕಂಕುಳಲ್ಲಿ ಬಿಸ್ಕೀಟಿನ ಹಳೆಯ ಡಬ್ಬಿ. ಡಬ್ಬಿಯಲ್ಲಿ ಬಿಸ್ಕೀಟು ಇರಲಿಲ್ಲ. ಕಡಲೆಕಾಳಿನಷ್ಟು ಉದ್ದದ ಗಾಜಿನ ಕೊಳವೆಗಳು, ಒಳಗೆ ಬಿಳಿ ಪುಡಿ, ಮೇಲೆ ಮಡಿಸಿದ ಕಪ್ಪು ಕಾಗದ. ಫೋಟೋ ತೆಗೆಯುವ ಮುಂಚೆ ಒಂದೊಂದನ್ನು ಕೂಸಿನ ಮೈಗೆ ಪಟ್ಟಿಯಿಂದ ಅಂಟಿಸಬೇಕು, ಆದ ಮೇಲೆ ಬಿಚ್ಚಿ ಡಬ್ಬಿಗೆ ಹಾಕಬೇಕು.

“ಒಂದು ಫೋಟೋ ತೆಗೆಯುವಾಗ ಮಗುವಿನ ಮೈ ಮೇಲೆ ಈ ಕಾಣದ ಬೆಳಕು ಎಷ್ಟು ಬೀಳ್ತದೆ ಅಂತ ನೋಡ್ಲಿಕ್ಕೆ ಇದು,” ಎಂದಳು ವಾರಿಜಾ. “ಬೆಳೆಯುವ ಮೈ ಅಲ್ವಾ ಹಜರತಕ್ಕ. ಬೇಕಾದದ್ದಕ್ಕಿಂತ ಹೆಚ್ಚು ಬಿದ್ರೆ ಮುಂದೆ ಯಾವಾಗ್ಲೋ ತೊಂದ್ರೆ ಆಗ್ಬಹುದು. ಈಗ ಎಷ್ಟು ಬೀಳ್ತದೆ ಅಂತ್ಲೇ ನಮಗೆ ಸರಿಯಾಗಿ ಗೊತ್ತಿಲ್ಲ ಮಾರಾಯ್ರೆ.”

“ಗೊತ್ತಿಲ್ದೇ ಇಷ್ಟ ದಿನ ತೆಗದೀರೇನು ಡಾಕ್ಟರ್‌ಬಾಯಿ?” ಎಂದಳು ಹಜರತಬಿ. ನಾನು ಡಾಕ್ಟರಲ್ಲ ಎಂದು ವಾರಿಜಾ ಎಷ್ಟು ಸಲ ಹೇಳಿದರೂ ಆ ಮಾತು ಅವಳ ಕಿವಿಗೆ ಹೋಗಲಿಲ್ಲ.

ಕೊಳವೆ ಅಂಟಿಸುವ ಕೆಲಸವೂ ಹಜರತಬಿಯ ಪಾಲಿಗೇ ಬಂತು. ಅವಳಿಗೆ ಒಳಗೊಳಗೇ ಖುಷಿ. ಟ್ರಾಂಬೆಯಿಂದ ಬಂದ ಕಲಿತ ಹುಡುಗಿ ತನ್ನ ಕೈ ನೋಡಿಕೊಂಡು ನಿಲ್ಲುವುದೆಂದರೆ ಸಣ್ಣ ಮಾತೇ? ಮಧ್ಯಾಹ್ನ ಇಬ್ಬರೂ ಹಿಂದಿನ ವರಾಂಡದಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದರು. ಜೋಳದ ರೊಟ್ಟಿ, ಶೇಂಗಾ ಚಟ್ನಿ ಒಂದು ಕಡೆ. ಅನ್ನ, ಮಜ್ಜಿಗೆ ಮೆಣಸು ಇನ್ನೊಂದು ಕಡೆ. ವಾರಿಜಾ ರೊಟ್ಟಿ ಮುರಿಯಲು ಹೆಣಗುವುದನ್ನು ನೋಡಿ ಹಜರತಬಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು.

“ಈ ಪುಡಿಗಿ ಹ್ಯಾಂಗ ತಿಳೀತದ್ರಿ, ಎಷ್ಟ ಬೆಳಕ ಬಿತ್ತು ಅಂತ?” ಎಂದು ಒಂದು ದಿನ ಕೇಳಿದಳು.

“ಬಿದ್ದ ಬೆಳಕನ್ನು ಒಳಗೆ ಇಟ್ಕೊಳ್ತದೆ. ನಾವು ಮಿಷನ್ನಿನಲ್ಲಿ ಹಾಕಿ ಚೆನ್ನಾಗಿ ಕಾಯಿಸಿದ್ರೆ ಅದನ್ನು ಹೊರಗೆ ಬಿಡ್ತದೆ. ಅದೂ ಒಂದೇ ಸಲ. ಆಮೇಲೆ ಎಲ್ಲ ಮರ್ತು ಬಿಡ್ತದೆ, ಒರೆಸಿದ ಪಾಟಿ ಇದ್ದ ಹಾಗೆ.”

ಈ ಮಾತು ಹಜರತಬಿಗೆ ಬಹಳ ಹಿಡಿಸಿತು. ಚಾಳಿನಲ್ಲಿ ಅತ್ತಿಗೆಗೂ ಹೇಳಿದಳು, ನೀರಿನ ನಳದ ಹತ್ತಿರ ನಿಂತವರಿಗೂ ಹೇಳಿದಳು. ಅತ್ತಿಗೆ ಮೂಗು ಮುರಿದಳು. ಕಾಯಿಸಿದರೆ ಮರೆಯುವುದಾದರೆ ತನ್ನ ಗಂಡನ ತಲೆಯನ್ನೂ ಒಮ್ಮೆ ಕಾಯಿಸಬೇಕು ಎಂದಳು.

ಆ ಚಳಿಗಾಲದಲ್ಲೇ ಬಂಡೆಪ್ಪ ಮತ್ತು ಅವನ ಹೆಂಡತಿ ಇಂದ್ರಾಬಾಯಿ ಕೂಸು ಎತ್ತಿಕೊಂಡು ಬಂದದ್ದು. ಆಳಂದ ಕಡೆಯವರು, ರೈಲುಹಳಿಯ ಆಚೆ ಏಳುತ್ತಿದ್ದ ಬಿಲ್ಡಿಂಗಿನಲ್ಲಿ ಇಬ್ಬರಿಗೂ ಸಿಮೆಂಟು ಹೊರುವ ಕೆಲಸ. ಇಂದ್ರಾಬಾಯಿಯ ಕೂದಲಲ್ಲೆಲ್ಲ ಬೂದಿಬಣ್ಣದ ಧೂಳು ಕೂತಿತ್ತು. ಹೆಣ್ಣು ಕೂಸು, ಸುಂದ್ರವ್ವ ಎಂದು ಅಜ್ಜಿಯ ಹೆಸರು. ಎದೆಯಲ್ಲಿ ಗೊರಗೊರ ಸದ್ದು, ಮೈಯೆಲ್ಲ ಬಿಸಿ. ಡಾಕ್ಟರು ಎದೆಯ ಫೋಟೋ ತೆಗೆಸಿ ಎಂದಿದ್ದರು.

ಹಜರತಬಿ ಎಂದಿನಂತೆ ಕೈ ಚಾಚಿದಳು. ಇಂದ್ರಾಬಾಯಿ ಕೂಸು ಕೊಡಲಿಲ್ಲ.

“ನಾನೂ ಒಳಗ ಬರ್ತೀನಕ್ಕಾ. ಅಕಿ ನನ್ನ ಬಿಟ್ಟು ಇರಂಗಿಲ್ಲ.”

“ಎಲ್ಲಾರೂ ಹಿಂಗಾ ಅಂತಾರ. ಕೊಡ ಇಲ್ಲಿ. ಮೂರ ಮಂದಿ ಹಿಡಿಯೂ ಜಾಗಾ ಅಲ್ಲ ಅದು.”

“ಗಟ್ಟಿ ಹಿಡೀಬ್ಯಾಡ್ರಿ ಅಕ್ಕಾ, ನನ್ನ ಕೂಸಿಗಿ ನೋವಾಗ್ತದ,” ಎಂದು ಹೇಳುತ್ತ ಹೇಳುತ್ತ ಇಂದ್ರಾಬಾಯಿಯ ಕಣ್ಣಿನಲ್ಲಿ ನೀರು ಬಂತು. ಹಜರತಬಿ ಕೂಸನ್ನು ತೆಗೆದುಕೊಂಡಳು. ಕಿತ್ತುಕೊಂಡಳು ಅಂದರೂ ತಪ್ಪಿಲ್ಲ. ಒಳಗೆ ಹೋಗಿ ಕೊಳವೆ ಅಂಟಿಸಿದಳು, ಮಲಗಿಸಿದಳು, ಚ್ಚು ಚ್ಚು ಅಂದಳು. ಬಾಗಿಲ ಸಂದಿಯಲ್ಲಿ ಇಂದ್ರಾಬಾಯಿಯ ಕಣ್ಣು ಅಲುಗದೆ ನಿಂತಿತ್ತು. ಕೂಸು ಗಪ್ಪಾಯಿತು. ಮಿಷನ್ನು ಖಟ್ ಅಂದಿತು. ಹೊರಗೆ ತಂದು ಕೊಟ್ಟರೆ ಆ ತಾಯಿ ಕೂಸಿನ ಕೈ, ಕಾಲು, ಹೊಟ್ಟೆ ಎಲ್ಲ ಸವರಿ ನೋಡಿ ಎದೆಗೆ ಒತ್ತಿಕೊಂಡಳು.

ನಬೀಸಾಬ ತೊಳೆದು ತಂದ ಫೋಟೋ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಬೆಳಕಿನ ಡಬ್ಬಿಯ ಮೇಲೆ ಹಾಕಿದ. ಎಳೆಯ ಪಕ್ಕೆಲುಬುಗಳು, ಮುಷ್ಟಿಯಷ್ಟು ಹೃದಯ. ಎದೆಯಲ್ಲಿ ಗಾಬರಿಪಡುವಂಥದ್ದು ಏನೂ ಇರಲಿಲ್ಲ. ವಾರಿಜಾ ಮಾತ್ರ ಕೆಳಗಿನ ಅಂಚಿಗೆ ಬೆರಳಿಟ್ಟಳು.

“ಇದ್ಯಾರ ಕೈ?”

ಕೂಸಿನ ಹೊಟ್ಟೆಯ ಮೇಲೆ ಅಡ್ಡಲಾಗಿ ದೊಡ್ಡವರ ಕೈಯೊಂದರ ಎಲುಬುಗಳು ಬಿಳಿಬಿಳಿಯಾಗಿ ಮೂಡಿದ್ದವು. ಕಿರುಬೆರಳು ಒಳಕ್ಕೆ ಸೊಟ್ಟಗಾಗಿತ್ತು.

“ನಮ್ಮ ಆಪಾನ ಕೈಯಲ್ರಿ ಅದು!” ಎಂದು ನಬೀಸಾಬ ನಕ್ಕ. “ಬೆಳಕ ಅಗಲಕ ಬಿಡ್ತೀನಿ ನೋಡ್ರಿ, ಏನೂ ತಪ್ಪಿ ಹೋಗಬಾರದು ಅಂತ. ಅದಕ ಒಮ್ಮೊಮ್ಮೆ ಅಕಿ ಕೈನೂ ಬರ್ತದ.”

ಹಜರತಬಿ ಬಗ್ಗಿ ನೋಡಿದಳು. ಸಣ್ಣವಳಿದ್ದಾಗ ಬೀಸುಕಲ್ಲಿಗೆ ಸಿಕ್ಕು ಮುರಿದು ಹೇಗೋ ಕೂಡಿಕೊಂಡ ಕಿರುಬೆರಳು, ಎಲುಬಿನಲ್ಲೂ ಹಾಗೇ ಸೊಟ್ಟ. ಅವಳಿಗೆ ಸಂಭ್ರಮವೋ ಸಂಭ್ರಮ. ತನ್ನದು ಅಂತ ಒಂದು ಫೋಟೋ ಅವಳು ತೆಗೆಸಿಕೊಂಡವಳೇ ಅಲ್ಲ. “ನೋಡ್ರಿ ಡಾಕ್ಟರ್‌ಬಾಯಿ, ಕೂಸು ಎಷ್ಟ ನೆಟ್ಟಗ ಮಲಗ್ಯದ ನನ್ನ ಕೈಯಾಗ!” ಎಂದಳು. ವಾರಿಜಾ ನಗಲಿಲ್ಲ. ಅವಳ ಮುಖ ಸಣ್ಣದಾಗಿತ್ತು. ಫೋಟೋವನ್ನು ಬಂಡೆಪ್ಪನ ಕೈಗೆ ಕೊಟ್ಟು ಕಳಿಸಿದರು. ಅವನು ಅದನ್ನು ಹೆಂಡತಿಯ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಹೋದ.

ಮರುದಿನ ವಾರಿಜಾ ಒಂದು ಕೊಳವೆಯನ್ನು ಹಜರತಬಿಯ ಮಣಿಕಟ್ಟಿಗೇ ಕಟ್ಟಿದಳು. “ಇಷ್ಟು ದಿನ ಮಕ್ಕಳದ್ದೇ ನೋಡಿದ್ದು ಹಜರತಕ್ಕ. ನಿಮ್ಮನ್ನು ನೋಡ್ಬೇಕು ಅಂತ ನನಗೆ ಹೊಳೀಲೇ ಇಲ್ಲ.” ವಾರ ಕಳೆದು ಬಿಚ್ಚಿಕೊಂಡು ಹೋದಳು. ಮತ್ತೆ ಬಂದಾಗ ತನ್ನ ಊಟದ ಡಬ್ಬಿ ಬಿಚ್ಚುವ ಮೊದಲೇ ವಿಷಯ ಎತ್ತಿದಳು. ಒಂದು ಕೂಸಿಗೆ ಒಂದು ಫೋಟೋ, ಎರಡು ಫೋಟೋ. ಹಿಡಿಯುವ ಕೈ ಮಾತ್ರ ಎಲ್ಲ ಫೋಟೋದಲ್ಲೂ ಅದೇ. ಅದರ ಮೇಲೆ ಬೆಳಕು ಬೀಳಬಾರದಷ್ಟು ಬಿದ್ದಿದೆ. ಇನ್ನೂ ಸ್ವಲ್ಪ ದಿನ ನೋಡುತ್ತೇನೆ, ಹೀಗೇ ಇದ್ದರೆ ನಿಮ್ಮನ್ನು ಆ ಕೋಣೆಯಿಂದ ತೆಗೆಯಿರಿ ಎಂದು ಬರೆಯಬೇಕಾಗುತ್ತದೆ ಎಂದಳು.

ಹಜರತಬಿಯ ಕೈಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು. ಕೈಗೆ ಏನಾದರೂ ಆದೀತು ಎಂಬ ಹೆದರಿಕೆ ಅವಳಿಗೆ ಬರಲೇ ಇಲ್ಲ. ಕೋಣೆಯಿಂದ ತೆಗೆಯುವುದು ಎಂದರೆ ಮತ್ತೆ ಪೊರಕೆ, ಮತ್ತೆ ಬಕೆಟ್ಟು. ಅದೂ ಹೋಗಲಿ. ಕೂಸುಗಳು? ಇಡೀ ಮುಂಬಯಿಯಲ್ಲಿ ಅವಳ ತೋಳಿಗೆ ಕೂಸು ಬರುವ ಜಾಗ ಅದೊಂದೇ ಇತ್ತು. ಅತ್ತಿಗೆ ತನ್ನ ಮಕ್ಕಳನ್ನು ಇವಳ ಕೈಗೆ ಅಷ್ಟಾಗಿ ಕೊಡುತ್ತಿರಲಿಲ್ಲ. ಮಕ್ಕಳಾಗದವಳ ಕೈ ಎಂಬ ಅಳುಕು ಅವಳಿಗೆ. ಬಾಯಿಬಿಟ್ಟು ಹೇಳದಿದ್ದರೂ ಹಜರತಬಿಗೆ ಅದು ತಿಳಿದಿತ್ತು.

ಆ ಸಂಜೆ ಮನೆಗೆ ಬಂದು ಸ್ಟೋ ಹಚ್ಚಿ ಹಂಚು ಇಟ್ಟಳು. ರೊಟ್ಟಿ ಬಡಿದಳು, ಬೇಯಿಸಿದಳು. ಕೊನೆಯ ರೊಟ್ಟಿ ತೆಗೆದ ಮೇಲೆ ಕಾದ ಹಂಚನ್ನು ನೋಡುತ್ತ ಕೂತವಳಿಗೆ ಕಾಯಿಸಿದರೆ ಪುಡಿ ಎಲ್ಲ ಮರೆತುಬಿಡುತ್ತದೆ ಎಂದು ವಾರಿಜಾ ಹೇಳಿದ ಮಾತೇ ನೆನಪಿಗೆ ಬಂತು. ವಾರಿಜಾ ಅಂದೇ ಕಟ್ಟಿದ್ದ ಹೊಸ ಕೊಳವೆಯನ್ನು ಮಣಿಕಟ್ಟಿನಿಂದ ಬಿಚ್ಚಿದಳು. ಕಪ್ಪು ಕಾಗದ ಬಿಡಿಸಿ ಪಕ್ಕಕ್ಕಿಟ್ಟಳು. ಗಾಜನ್ನು ಹಂಚಿನ ನಡುವೆ ಇಟ್ಟಳು. ಬೆಳಕು ಹೊರಗೆ ಬರುತ್ತದೆ ಎಂದಿದ್ದರಲ್ಲ ಎಂದು ದೀಪ ಆರಿಸಿಯೂ ನೋಡಿದಳು. ಏನೂ ಕಾಣಲಿಲ್ಲ. ಹೊರಗೆ ಚಾಳಿನ ಮಕ್ಕಳು ಕೂಗಾಡುತ್ತಿದ್ದವು. ತಣ್ಣಗಾದ ಮೇಲೆ ಗಾಜನ್ನು ಮತ್ತೆ ಕಾಗದದಲ್ಲಿ ಮಡಿಸಿ ಕೈಗೆ ಕಟ್ಟಿಕೊಂಡಳು.

ಒಂದು ದಿನವಾಯಿತು, ಎರಡು ದಿನವಾಯಿತು, ಅದೊಂದು ರೂಢಿಯೇ ಆಗಿಹೋಯಿತು. ಮೊದಲು ರೊಟ್ಟಿ, ಆಮೇಲೆ ಗಾಜು. ಬೇಯಿಸಿದ್ದಕ್ಕೆಲ್ಲ ಬಿಸ್ಮಿಲ್ಲಾ ಅನ್ನುವವಳು ಇದಕ್ಕೆ ಮಾತ್ರ ಅನ್ನುತ್ತಿರಲಿಲ್ಲ. ಸುಳ್ಳು ಬೇಯಿಸುವಾಗ ದೇವರ ಹೆಸರು ಯಾಕೆ ಎಂದು ನಾಲಗೆ ಕಚ್ಚಿಕೊಳ್ಳುತ್ತಿದ್ದಳು. ಆಸ್ಪತ್ರೆಯಲ್ಲಿ ಮಾತ್ರ ಮೊದಲಿಗಿಂತ ಹೆಚ್ಚು ಹುರುಪು. ಸರದಿಯಲ್ಲಿರದ ಕೂಸುಗಳನ್ನೂ ಎತ್ತಿ ಆಡಿಸುತ್ತಿದ್ದಳು.

ಕೊಳವೆಗಳನ್ನು ಒಯ್ದ ವಾರಿಜಾ ಮತ್ತೆ ಬಂದದ್ದು ಒಂದು ಮಧ್ಯಾಹ್ನ. ವರಾಂಡದಲ್ಲಿ ಪಕ್ಕಕ್ಕೆ ಬಂದು ಕೂತಳು. ಊಟದ ಡಬ್ಬಿ ತೆಗೆಯಲಿಲ್ಲ. ಅಂಗೈಯಲ್ಲಿ ಒಂದು ಕಪ್ಪು ಕಾಗದ ಬಿಡಿಸಿ ತೋರಿಸಿದಳು. ಮಡಿಕೆಯಲ್ಲಿ ಬಿಳಿ ಹಿಟ್ಟು ಸಿಕ್ಕಿಕೊಂಡಿತ್ತು.

“ಜೋಳದ ಹಿಟ್ಟು ಅಲ್ವಾ ಹಜರತಕ್ಕ?”

ಹಜರತಬಿ ಹಿಟ್ಟು ಹತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

“ಹಿಟ್ಟು ಇಲ್ಲದಿದ್ರೂ ಗೊತ್ತಾಗ್ತಿತ್ತು,” ಎಂದಳು ವಾರಿಜಾ. ದನಿಯಲ್ಲಿ ಸಿಟ್ಟಿರಲಿಲ್ಲ. “ಡಬ್ಬಿಯಲ್ಲಿ ಸುಮ್ಮನೆ ಕೂತ ಕೊಳವೆಗೂ ಮಣ್ಣಿನಿಂದ, ಗೋಡೆಯಿಂದ ಅಷ್ಟಿಷ್ಟು ಈ ಬೆಳಕು ಬರ್ತದೆ. ನಿಮ್ಮದರಲ್ಲಿ ಅದಕ್ಕಿಂತಲೂ ಕಡಿಮೆ. ದಿನವಿಡೀ ಮಿಷನ್ನಿನ ಬುಡದಲ್ಲಿ ನಿಲ್ಲುವವರದ್ದು ಅಷ್ಟು ಕ್ಲೀನ್ ಇರ್ಲಿಕ್ಕೆ ಹೇಗೆ ಸಾಧ್ಯ? ನಾನೇ ಬಾಯಿಬಿಟ್ಟು ಹೇಳಿಕೊಟ್ಟದ್ದು. ನನಗೇ ನಾಚಿಕೆ ಆಯ್ತು.”

ಹಜರತಬಿ ರೊಟ್ಟಿಯ ಡಬ್ಬಿ ಮುಚ್ಚಿ ಪಕ್ಕಕ್ಕೆ ಸರಿಸಿದಳು. ಅಳಬಾರದು ಎಂದುಕೊಂಡಿದ್ದಳು, ಆಗಲಿಲ್ಲ.

“ನನಗ ಮಕ್ಕಳಿಲ್ರಿ ಡಾಕ್ಟರ್‌ಬಾಯಿ. ದಿನಾ ಆ ಖೋಲಿಯೊಳಗ ಒಂದೊಂದ ಕೂಸು ಬಂದು ನನ್ನ ಕೈಯಾಗ ಮಲಗ್ತದ. ಖಟ್ ಅನ್ನೂತನಕ ನನ್ನದು ಅದು. ಕೈ ಸುಟ್ಟು ಹೋಗ್ಲಿ, ಏನಾತು? ಈ ಕೈಗಿ ಬ್ಯಾರೆ ಏನ ಕೆಲಸದ?”

ವಾರಿಜಾ ಅವಳ ಕೈ ಹಿಡಿದುಕೊಂಡಳು. ಹೇಳಬೇಕಾದದ್ದನ್ನು ಮಾತ್ರ ಬಿಡಲಿಲ್ಲ. “ನಿಮ್ಮ ಕೈ ಸುಳ್ಳು ಹೇಳಿದ್ರೆ ಮಕ್ಕಳ ಲೆಕ್ಕವನ್ನೂ ಯಾರೂ ನಂಬುವುದಿಲ್ಲ ಹಜರತಕ್ಕ. ಆ ಮಕ್ಕಳಿಗೋಸ್ಕರ ಅಲ್ವಾ ಇಷ್ಟೆಲ್ಲ? ಮತ್ತೆ... ಅವಕ್ಕೆ ಅಮ್ಮ ಇದ್ದಾರಲ್ಲ, ಹಿಡ್ಕೊಳ್ಳಲಿಕ್ಕೆ. ಅಮ್ಮನಿಗೆ ವರ್ಷಕ್ಕೆ ಒಮ್ಮೆಯೋ ಎರಡು ಸಲವೋ ಅಷ್ಟೆ. ನಿಮಗೆ ದಿನಾ.”

ಅಮ್ಮ ಇದ್ದಾರಲ್ಲ. ಆ ಮಾತು ನೆಟ್ಟಗೆ ಹೋಗಿ ನಾಟಿತು. ಹಜರತಬಿ ಕೈ ಬಿಡಿಸಿಕೊಂಡು ಎದ್ದು ಹೋದಳು. ಹಲವು ದಿನ ವಾರಿಜಾಳ ಜತೆ ಮಾತು ಬಿಟ್ಟಿದ್ದಳು.

ಬೇಸಿಗೆ ಬರುವಷ್ಟರಲ್ಲಿ ಎಲ್ಲ ಬದಲಾಯಿತು. ನಬೀಸಾಬನ ಮಿಷನ್ನಿನ ಬಾಯಿಗೆ ಕಿರಿದಾದ ಲೋಹದ ಮೂತಿ ಹಾಕಿದರು. ಬೆಳಕು ಎದೆಯಷ್ಟಕ್ಕೇ ಬೀಳಬೇಕು. ಮೊದಮೊದಲು ಅವನು ಗೊಣಗಿದ, ಆಮೇಲೆ ಅದನ್ನು ತಾನೇ ಕಂಡುಹಿಡಿದವನ ಹಾಗೆ ಎಲ್ಲರಿಗೂ ತೋರಿಸಿದ. ಮಕ್ಕಳ ಮೈಗೆ ಬೀಳುವ ಬೆಳಕು ಅರ್ಧಕ್ಕಿಂತ ಕಡಿಮೆಯಾಯಿತು ಎಂದು ವಾರಿಜಾ ಕುಣಿಯುವುದೊಂದು ಬಾಕಿ. ಉಬ್ಬಿದ ಬಾಗಿಲು ತೆಗೆಸಿ ಸೀಸ ಹೊಡೆದ ಹೊಸ ಬಾಗಿಲು ಕೂಡಿಸಿದರು, ಸಂದಿ ಇಲ್ಲದ್ದು. ಕೂಸನ್ನು ಇನ್ನು ತಾಯಿಯೇ ಹಿಡಿಯಬೇಕು, ಸೀಸದ ಏಪ್ರನ್ನು, ದಪ್ಪ ಕೈಗವಸು ಹಾಕಿಕೊಂಡು. ಹಜರತಬಿಯ ಜಾಗ ಬಾಗಿಲ ಹೊರಗೆ. ಹೆದರಿದ ತಾಯಂದಿರಿಗೆ ಹಿಡಿಯುವುದು ಹೇಗೆಂದು ಹೇಳಿಕೊಡುವುದೇ ಅವಳ ಕೆಲಸ.

ಮೊದಲು ಹೊಟ್ಟೆಕಿಚ್ಚಿನಿಂದಲೇ ಹೇಳಿಕೊಟ್ಟಳು. “ಹಂಗಲ್ಲ! ರೊಟ್ಟಿ ಹಿಡದಂಗ ಹಿಡೀತೀಯಲ್ಲ, ಕೂಸದು! ಒಂದ ಕೈ ಕುತ್ತಿಗಿ ಕೆಳಗ, ಒಂದ ಕೈ ಹೊಟ್ಟಿ ಮ್ಯಾಲ. ಕಿವಿಯಾಗ ಚ್ಚು ಚ್ಚು ಅನ್ನು.” ಬಾಗಿಲು ಮುಚ್ಚುತ್ತಿತ್ತು. ಒಳಗೆ ಬೇರೆ ಯಾವಳೋ ಚ್ಚು ಚ್ಚು ಅನ್ನುವುದು ಕೇಳುತ್ತಿತ್ತು. ಹೊರಗೆ ಇವಳು ಉಸಿರು ಹಿಡಿದುಕೊಂಡು ನಿಲ್ಲುತ್ತಿದ್ದಳು. ಆ ರೂಢಿ ಬಿಟ್ಟು ಹೋಗಲಿಲ್ಲ. ಅಲ್ಲಿಂದ ಮುಂದೆ ಆ ಆಸ್ಪತ್ರೆಯ ಫೋಟೋಗಳಲ್ಲಿ ಯಾರ ಕೈಯೂ ಬರಲಿಲ್ಲ.

ವಾರಿಜಾ ಇಲ್ಲಿಯ ಕೆಲಸ ಮುಗಿಸಿ ಬೇರೆ ಬೇರೆ ಊರಿನ ಆಸ್ಪತ್ರೆಗಳಿಗೆ ತನ್ನ ಬಿಸ್ಕೀಟಿನ ಡಬ್ಬಿ ಹೊತ್ತುಕೊಂಡು ಹೋದಳು. ಹೋಗುವ ದಿನ ಹಜರತಬಿಗೆ ಒಂದು ಸೀರೆ ಕೊಟ್ಟಳು. ಹಜರತಬಿ ಅವಳಿಗೆ ಒಂದು ಗಂಟು ಒಣಗಿದ ಕಟಿ ರೊಟ್ಟಿ ಕಟ್ಟಿಕೊಟ್ಟಳು. ಅಷ್ಟು ಹೊತ್ತಿಗೆ ಮಾತು ಕೂಡಿತ್ತು. ವರಾಂಡದಲ್ಲಿ ಒಬ್ಬಳೇ ಡಬ್ಬಿ ಬಿಚ್ಚುವಾಗ ಆ ಹುಡುಗಿ ರೊಟ್ಟಿ ಮುರಿಯಲು ಪಡುತ್ತಿದ್ದ ಪಾಡು ನೆನಪಾಗಿ ಹಜರತಬಿಗೆ ನಗು ಬರುತ್ತಿತ್ತು, ಆಮೇಲೆ ಊಟ ಸೇರುತ್ತಿರಲಿಲ್ಲ.

ವರ್ಷಗಳು ಹೋದವು. ಉಪ್ಪಿನ ಗದ್ದೆಯ ಗಾಳಿಗೆ ಅಡ್ಡಲಾಗಿ ಹೌಸಿಂಗ್ ಸೊಸೈಟಿಗಳು ಎದ್ದವು. ನಬೀಸಾಬನ ಮೀಸೆ ಬೆಳ್ಳಗಾಯಿತು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಹಜರತಬಿಯೂ ರಿಟೈರ್ ಆಗುವ ಹತ್ತಿರ ಬಂದಿದ್ದಳು. ಮೆಟ್ಟಿಲ ಮೇಲೆ ಕೂತರೆ ಏಳಲು ಗೋಡೆ ಬೇಕಾಗುತ್ತಿತ್ತು.

ಅಂಥ ಒಂದು ಬೆಳಿಗ್ಗೆ ಚೀಟಿ ಕೊಡುವ ಕಿಟಕಿಯ ಹತ್ತಿರ ಗಲಾಟೆ ಕೇಳಿಸಿತು. ನಾಲ್ಕನೆಯದೋ ಐದನೆಯದೋ ಓದುವ ಹುಡುಗಿ, ಮುನಸಿಪಾಲ್ಟಿ ಶಾಲೆಯ ನೀಲಿ ಲಂಗ, ಎರಡು ಜಡೆ. ಎದೆಗೆ ಏನನ್ನೋ ಅವಚಿಕೊಂಡು ಕ್ಲಾರ್ಕಿನ ಮೇಲೆ ಹರಿಹಾಯುತ್ತಿದ್ದಳು. ಮಳೆಗಾಲದಿಂದ ಕೆಮ್ಮು ಬಿಟ್ಟಿಲ್ಲ, ಹಳೆಯ ಫೋಟೋ ಇದ್ದರೆ ಕೊಡಿ, ಹೊಸದರ ಜತೆ ಇಟ್ಟು ನೋಡುತ್ತೇವೆ ಎಂದು ಡಾಕ್ಟರು ಕೇಳಿದ್ದರಂತೆ. ಹುಡುಗಿ ಕೊಡಲೊಲ್ಲಳು.

“ನಹೀ ದೂಂಗಿ! ನೀವು ಇಟ್‌ಕೊಂಡ್ರೆ? ಇದರಾಗ ನಮ್ಮ ಅವ್ವ ಅದಾಳ!”

ಕ್ಲಾರ್ಕ್ ಹಜರತಬಿಯನ್ನು ಕೂಗಿದ. ರಂಪ ಮಾಡುವ ಮಕ್ಕಳೆಲ್ಲ ಅವಳ ಪಾಲಿಗೇ ತಾನೆ? ಅವಳು ಬಂದು ಹುಡುಗಿಯನ್ನು ಬೆಂಚಿನ ಮೇಲೆ ಕೂಡಿಸಿಕೊಂಡಳು. “ಯಾರೂ ಇಟ್ಟಕೊಳ್ಳಂಗಿಲ್ಲ ನನ್ನವ್ವಾ. ನಾ ಕಾಯ್ತೀನಿ. ಏನದ, ತೋರಸು.”

ಹುಡುಗಿ ಹಳೆಯ ಸೀರೆಯ ತುಂಡು ಬಿಚ್ಚಿದಳು. ಬಣ್ಣ ಮಾಸಿದ ಹಸಿರು, ಅಂಚಿನಲ್ಲಿ ಸಿಮೆಂಟಿನ ಕಲೆ. ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಎಳೆಯ ಪಕ್ಕೆಲುಬುಗಳು, ಮುಷ್ಟಿಯಷ್ಟು ಹೃದಯ, ಕೆಳಗೆ ಹೊಟ್ಟೆಯ ಮೇಲೆ ಅಡ್ಡಲಾಗಿ ಒಂದು ಕೈ. ಸೊಟ್ಟ ಕಿರುಬೆರಳು.

“ಯೇ ದೇಖೋ. ಇದು ನಮ್ಮ ಅವ್ವನ ಕೈ. ನಾ ಛೋಟಿ ಇದ್ದೆ, ಅವ್ವ ನನ್ನ ಹಿಡ್‌ಕೊಂಡಾಳ. ಅವ್ವನ ದುಸ್ರ ಫೋಟೋ ಒಂದೂ ಇಲ್ಲ. ನಾ ದಿನಾ ಖಿಡ್ಕಿಗಿ ಇಟ್ಟು ನೋಡ್ತೀನಿ. ಅವ್ವಂದು ಈ ಬೆರಳು ಸೊಟ್ಟ ಅದ. ನಂದು ಸೀದಾ ಅದ, ಅಪ್ಪನಂಗ.”

ಹಜರತಬಿ ಫೋಟೋದ ಹತ್ತಿರ ಬಗ್ಗಿ ನೋಡಿದಳು. ಈ ಕೈಯೇ, ಈ ಫೋಟೋವೇ ಅವಳನ್ನು ಆ ಕೋಣೆಯಿಂದ ಹೊರಗೆ ಹಾಕಿದ್ದು. ಎಷ್ಟೋ ಕೂಸುಗಳನ್ನು ಹಿಡಿದಿದ್ದಳು. ಅವೆಲ್ಲ ಬೆಳೆದು ಎಲ್ಲೆಲ್ಲಿಗೋ ಹೋದವು, ಒಂದಾದರೂ ತಿರುಗಿ ಬಂದು ಇದು ನಿನ್ನ ಕೈಯೇ ಎಂದು ಕೇಳಿರಲಿಲ್ಲ. ಇವಳೊಬ್ಬಳು ದಿನಾ ಬೆಳಿಗ್ಗೆ ಅದೇ ಕೈ ನೋಡಿಕೊಂಡು ಬೆಳೆದಿದ್ದಳು. ನನ್ನ ಕೈ ಇದು, ನಾ ಹಿಡಿದದ್ದು ನಿನ್ನ. ಮಾತು ನಾಲಗೆಯ ತುದಿಗೆ ಬಂದಿತ್ತು.

ತಲೆ ಎತ್ತಿದರೆ ಎದುರಿಗೆ ಬಂಡೆಪ್ಪ ನಿಂತಿದ್ದ. ಮೈಮೇಲೆ ವಾಚ್‌ಮನ್ ಖಾಕಿ, ಗಲ್ಲ ಇಳಿದಿತ್ತು. ಅವನ ಕಣ್ಣು ಹಜರತಬಿಯ ಮುಖದ ಮೇಲಿರಲಿಲ್ಲ. ಅವಳ ಬಲಗೈಯ ಕಿರುಬೆರಳ ಮೇಲಿತ್ತು. ಗುರುತು ಹಿಡಿದಿದ್ದ. ಮಗಳಿಗೆ ಕಾಣದ ಹಾಗೆ, ಹೊಟ್ಟೆಯ ಮಟ್ಟದಲ್ಲೇ, ಎರಡೂ ಕೈ ಮುಗಿದ.

ಹಜರತಬಿ ಮೆಲ್ಲಗೆ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

“ಅವ್ವ ಯಾವಾಗ ಹೋದ್ಳು?” ಎಂದು ಬಂಡೆಪ್ಪನನ್ನು ಕೇಳಿದಳು.

“ಈ ಹುಡುಗಿ ಆಗ ಇನ್ನಾ ನಡ್ಯಾಕ ಹತ್ತಿದ್ದಳ್ರಿ. ಎರಡ್ನೇ ಹೆರಿಗ್ಯಾಗ,” ಎಂದ ಅವನು. “ರಾತ್ರೆಲ್ಲ ಅವ್ವಾ ಅಂತ ಅಳ್ತಿದ್ಳು. ಈ ಫೋಟೋ ಬಿಟ್ರ ತೋರ್ಸಲಿಕ್ಕ ಏನೂ ಇರ್ಲಿಲ್ಲ.”

ಹುಡುಗಿ ಅಪ್ಪನ ಮುಖ, ಇವಳ ಮುಖ ಎರಡನ್ನೂ ನೋಡಿದಳು. “ಅಪ್ಪ ಬೋಲ್ತಾರ, ನೀವು ಭಾಳ ವರ್ಷದಿಂದ ಇಲ್ಲೇ ಅದೀರಿ ಅಂತ. ನಮ್ಮ ಅವ್ವಗ ನೋಡೀರೇನು?”

“ನೋಡೀನಿ ಬೇಟಾ. ಮರೀಲಿಕ್ಕಾಗ್ತದೇನು ಅಕಿಗಿ?” ಎಂದಳು ಹಜರತಬಿ. “ತಲಿ ತುಂಬ ಸಿಮೆಂಟಿನ ಧೂಳು. ಹಸಿರು ಸೀರಿ. ನಾ ಹಿಡೀತೀನಿ, ಕೊಡು ಅಂದೆ. ಅಕಿ ಕೊಡ್ಲೇ ಇಲ್ಲ. ‘ನೀವು ಗಟ್ಟಿ ಹಿಡೀತೀರಿ ಅಕ್ಕಾ, ನನ್ನ ಕೂಸಿಗಿ ನೋವಾಗ್ತದ’ ಅಂದ್ಳು. ತಾನೇ ಒಳಗ ಹೋದ್ಳು. ಒಂದ ಕೈ ನಿನ್ನ ಕುತ್ತಿಗಿ ಕೆಳಗ ಇಟ್ಟಳು, ಒಂದ ಕೈ ಹೊಟ್ಟಿ ಮ್ಯಾಲ. ಕಿವಿಯಾಗ ಚ್ಚು ಚ್ಚು ಅಂದ್ಳು. ನೀ ಗಪ್ಪಾಗಿಬಿಟ್ಟಿ.”

“ಔರ್ ನೀವು?”

“ನಾನು ಹೊರಗಿದ್ದೆ. ಬಾಗಲ ಸಂದಿನ್ಯಾಗ ನೋಡ್ಕೋತ ನಿಂತಿದ್ದೆ.”

ಬಂಡೆಪ್ಪ ಗೋಡೆಯ ಕಡೆ ತಿರುಗಿ ಟವೆಲ್ಲಿನಿಂದ ಮುಖ ಒರೆಸಿಕೊಂಡ.

ಒಳಗಿನಿಂದ ನಬೀಸಾಬ ಸುಂದ್ರಾಳ ಹೆಸರು ಕೂಗಿದ. ಈಗ ಅವಳನ್ನು ಹಿಡಿಯುವವರು ಯಾರೂ ಬೇಕಾಗಿರಲಿಲ್ಲ. ಹುಡುಗಿ ಎದ್ದು ಒಂದು ಗಳಿಗೆ ಯೋಚಿಸಿ ಫೋಟೋವನ್ನು ಹಜರತಬಿಯ ಕಡೆ ಚಾಚಿದಳು. “ನೀವು ಹಿಡ್‌ಕೋರಿ. ಕಿಸೀಕೋ ನಹೀ ದೇನಾ, ಯಾರಿಗೂ.” ಹಜರತಬಿ ಎಡಗೈಯಲ್ಲಿ ತೆಗೆದುಕೊಂಡಳು. ಸುಂದ್ರಾ ಒಳಗೆ ಹೋದಳು, ಸೀಸದ ಬಾಗಿಲು ಮುಚ್ಚಿತು.

“ಉಸಿರ ಹಿಡಿ, ಬೇಟಾ,” ಎಂದು ನಬೀಸಾಬ ಅನ್ನುವುದು ಕೇಳಿಸಿತು.

ಹೊರಗೆ ಹಜರತಬಿಯೂ ಉಸಿರು ಹಿಡಿದಳು. ಸೆರಗಿನಿಂದ ಬಲಗೈ ಹೊರಗೆ ತೆಗೆದು, ಕಿಟಕಿಯ ಬೆಳಕಿನಲ್ಲಿ, ಫೋಟೋದ ಕೈಯ ಮೇಲೆ ಇಟ್ಟಳು. ಬೆರಳಿನ ಮೇಲೆ ಬೆರಳು ಕೂತಿತು, ಸೊಟ್ಟದ ಮೇಲೆ ಸೊಟ್ಟ. ಕೆಳಗೆ ಅಂಗೈಯಷ್ಟಗಲದ ಕೂಸು ನೆಟ್ಟಗೆ ಮಲಗಿತ್ತು. ಮಿಷನ್ನು ಖಟ್ ಅಂದಿತು. ಬಾಗಿಲು ತೆರೆಯುವಷ್ಟರಲ್ಲಿ ಅವಳು ಕೈಯನ್ನು ಮತ್ತೆ ಸೆರಗಿನೊಳಗೆ ಇಟ್ಟುಕೊಂಡಿದ್ದಳು.